ಎಡಗಾಲಿನ ಬಾಣಂತನ

ಕುಣಿಗಲ್ ಕಡೆಯ ಒಂದು ಕುದುರೆ ಫಾರಂನಲ್ಲಿ, ಕೋಳಿ ಕೂಗುವ ಹೊತ್ತಿಗೆ ನಾನು ಭೂಮಿಗೆ ಬಿದ್ದೆ. ನಮ್ಮ ಜಾತಿಯಲ್ಲಿ ಅಂಬೆಗಾಲಿಡುವ ಸಂಭ್ರಮವಿಲ್ಲ. ಅಮ್ಮ ಮೈ ನೆಕ್ಕಿ ಮುಗಿಸುವಷ್ಟರಲ್ಲಿ ಎದ್ದು ನಿಲ್ಲಬೇಕು. ನಿಂತೆ. ಹಣೆಯ ಮೇಲೊಂದು ಬಿಳಿ ಚುಕ್ಕೆ ಬಿಟ್ಟರೆ ಮೈಯೆಲ್ಲ ಹುಣಸೆಬೀಜದ ಬಣ್ಣ. ಕಾಗದದಲ್ಲಿ ನನಗೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ. ಅದನ್ನು ಯಾರೂ ಪೂರ್ತಿ ಕರೆದದ್ದನ್ನು ನಾನು ಕೇಳಲಿಲ್ಲ.

ಮೈ ತುಂಬಿಕೊಂಡ ಮೇಲೆ ಲಾರಿ ಹತ್ತಿಸಿ ಮೈಸೂರಿಗೆ ಕಳಿಸಿದರು. ಅಲ್ಲಿ ಓಟದ ಕುದುರೆಗಳನ್ನು ಪಳಗಿಸುವ ಟ್ರೈನರ್ ಚೆಲುವರಾಜ ಅರಸರ ಲಾಯ. ನನ್ನ ಮೈ ತಿಕ್ಕಿ, ಮೇವಿಟ್ಟು ನೋಡಿಕೊಳ್ಳುವ ಸೈಸ್ ಆಗಿ ಬಂದವನು ದಸ್ತಗೀರಣ್ಣ. ಹಣೆಯ ಚುಕ್ಕೆ ನೋಡಿ, "ಇವಳು ನನ್ನ ಚಾಂದನಿ" ಅಂದ. ಅಂದಿನಿಂದ ಅದೇ ನನ್ನ ಹೆಸರು. ಹುರುಳಿ ಬೇಯಿಸಿ ಆರಿಸುವಾಗ ಮೊದಲ ಹಿಡಿಯನ್ನು ತಾನೇ ಬಾಯಿಗೆ ಹಾಕಿಕೊಂಡು ಬಿಸಿ ನೋಡುತ್ತಿದ್ದ. ಅವನಿಗೆ ಮೂವರು ಹೆಣ್ಣುಮಕ್ಕಳು. "ನಾಲ್ಕನೇದು ಇದು" ಅನ್ನುತ್ತಿದ್ದ, ಕೇಳಿದವರಿಗೂ ಕೇಳದವರಿಗೂ.

ನಾನು ಚೆನ್ನಾಗಿ ಓಡುತ್ತಿದ್ದೆ. ಓಡುವಾಗ ನೆಲ ನನ್ನನ್ನು ಎತ್ತೆತ್ತಿ ಕೊಡುತ್ತಿತ್ತು. ಹೀಗಿರುವಾಗ ಒಂದು ಓಟದ ಕೊನೆಯ ತಿರುವಿನಲ್ಲಿ, ಎಡ ಮುಂಗಾಲಿನ ಹಿಂಭಾಗದಲ್ಲಿ ಏನೋ ಚಿಟಿಲ್ ಅಂತು. ಮಂಡಿಯ ಕೆಳಗಿನ ಹುರಿಯಂಥ ದಪ್ಪ ನರ ಬಿಲ್ಲಿನಂತೆ ಹೊರಕ್ಕೆ ಉಬ್ಬಿ ನಿಂತಿತು. ಮೂರು ಕಾಲಲ್ಲಿ ಲಾಯಕ್ಕೆ ಬಂದೆ. ದಸ್ತಗೀರಣ್ಣ ಕಾಲು ಮುಟ್ಟಿ ನೋಡಿದ, ನರ ಕೆಂಡದಂತೆ ಸುಡುತ್ತಿತ್ತು.

ಅರಸರು ಮುಚ್ಚಿಡದೆ ಹೇಳಿದರು. "ನೋಡಯ್ಯ, ಮಾಲೀಕರು ಮುಂದಿನ ವರ್ಷದ ಓಟದವರೆಗೆ ಕಾಯ್ತಾರಂತೆ. ಆಗಲೂ ಇವಳು ಓಡಲಿಲ್ಲ ಅಂದ್ರೆ ಮಾರಿಬಿಡ್ತಾರೆ. ಮದುವೆ ದಿಬ್ಬಣದ ಸಾರೋಟಿಗೆ ಕೇಳೋರು ಇದ್ದಾರೆ."

"ಸಾರೋಟಿಗಾ? ಬ್ಯಾಂಡಿನ ಸದ್ದಿಗೇ ಬೆದರ್ತಾಳೆ ಸಾಹೇಬ್ರೇ ಇವಳು!"

ಕುದುರೆ ಡಾಕ್ಟರ್ ಬೊಳ್ಳಮ್ಮ ಬಂದರು. ಕೊಡಗಿನವರು, ಮಾತು ಕಡಿಮೆ, ಕೈ ಮೃದು. ಯಂತ್ರ ಹಿಡಿದು ಕಾಲಿನ ಒಳಗನ್ನು ಪರದೆಯ ಮೇಲೆ ನೋಡಿದರು. "ಈ ನರವನ್ನ ಮಂಡಿ ಮೇಲೆ ಒಂದು ಪಟ್ಟಿ ಎಲುಬಿಗೆ ಬಿಗಿದು ಹಿಡಿದಿದೆ. ಆ ಪಟ್ಟೀನ ಕತ್ತರಿಸಿಬಿಟ್ಟರೆ ನರಕ್ಕೆ ಎಳೆತ ಕಡಿಮೆಯಾಗುತ್ತೆ. ಮೇಲಿನ ಮಾಂಸಖಂಡ ಭಾರ ಹಂಚಿಕೊಳ್ಳುತ್ತೆ."

ದಸ್ತಗೀರಣ್ಣ ಕಕ್ಕಾಬಿಕ್ಕಿಯಾದ. "ನೋವಿರೋದು ಕೆಳಗೆ, ಕತ್ತರಿ ಹಾಕೋದು ಮೇಲೆ! ಹಲ್ಲು ನೋವು ಅಂದ್ರೆ ಕಿವಿ ಕುಯ್ತೀರಾ ಮೇಡಂ?"

ಡಾಕ್ಟರಮ್ಮ ನಕ್ಕರು. "ಹಗ್ಗ ನಡುವೆ ಹರೀತಾ ಇದ್ರೆ ಮೊದಲು ಗೂಟದ ಗಂಟು ಸಡಿಲಿಸ್ತೀರೋ ಇಲ್ಲವೋ?"

ಅವನು ತಲೆ ಕೆರೆದುಕೊಂಡ. ಗಂಟು ಸಡಿಲಿಸುವ ಮಾತು ಅವನಿಗೆ ತಿಳಿಯುವ ಮಾತು.

ಕತ್ತಿನಲ್ಲಿ ಸೂಜಿ ಚುಚ್ಚಿದ್ದು, ಗೋಡೆಗೂ ನೆಲಕ್ಕೂ ಮೆತ್ತೆ ಹಾಕಿದ ಕೋಣೆಯಲ್ಲಿ ಕಾಲು ಕುಸಿದದ್ದು, ಅಷ್ಟೇ ನೆನಪು. ಆಮೇಲೆ ದೇವರ ಮಡಿಲಿನಂಥ ನಿದ್ದೆ. ಎಚ್ಚರವಾದಾಗ ಕಾಲಿಗೆ ದಪ್ಪ ಪಟ್ಟಿ. ಪಕ್ಕದಲ್ಲಿ ದಸ್ತಗೀರಣ್ಣ ಕಣ್ಣು ಮುಚ್ಚಿ, ಎರಡೂ ಅಂಗೈ ಮೇಲೆತ್ತಿ ಕೂತಿದ್ದ.

ಡಾಕ್ಟರಮ್ಮ ಹೇಳಿಹೋದದ್ದು ಒಂದೇ ಮಾತು: ಹೊಲಿಗೆ ಬಿಚ್ಚಿ, ಹೊಸ ಲಾಳ ಕಟ್ಟಿಸಿದ ಮೇಲೆ ದಿನಾ ಮೆಲ್ಲಗೆ ನಡೆಸಬೇಕು. ಓಡಿಸಬಾರದು, ನಿಲ್ಲಿಸಲೂಬಾರದು.

ಆದರೆ ಕತ್ತರಿ ಬಿದ್ದ ಮೈ ಅಂದರೆ ದಸ್ತಗೀರಣ್ಣನಿಗೆ ಗೊತ್ತಿದ್ದದ್ದು ಒಂದೇ ಪದ್ಧತಿ, ಬಾಣಂತನ. ಹೆಂಡತಿಗೂ ದೊಡ್ಡ ಮಗಳಿಗೂ ಮಾಡಿದ್ದ, ನನಗೂ ಶುರುಮಾಡಿದ. ಲಾಯದ ಕಿಟಕಿಗೆ ಗೋಣಿ ಕಟ್ಟಿದ. ಸಂಜೆಗೆ ಸಾಂಬ್ರಾಣಿ ಹೊಗೆ. ಗಾಳಿ ಹೊಕ್ಕೀತೆಂದು ನನ್ನ ಎರಡೂ ಕಿವಿಗೆ ತನ್ನ ಉಣ್ಣೆಯ ಮಫ್ಲರ್ ಸುತ್ತಿದ! ಪಕ್ಕದ ಲಾಯದ ಗಂಡು ಕುದುರೆ ಹಲ್ಲು ಕಿರಿಯಿತು. ಹೊರಗೆ ಹೆಜ್ಜೆ ಇಡಗೊಡಲೇ ಇಲ್ಲ. ಡಾಕ್ಟರಮ್ಮ ಫೋನಿನಲ್ಲಿ ಕೇಳಿದರೆ, "ನಡೀತಾ ಇದೆ ಮೇಡಂ, ಎಲ್ಲಾ ನಡೀತಾ ಇದೆ" ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಅವರು ಹೇಳದೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಏನಿದು ದಸ್ತಗೀರ್ ಅವರೇ, ಹೆರಿಗೆ ಯಾವಾಗ ಆಯ್ತು? ಗಂಡೋ ಹೆಣ್ಣೋ?"

"ಶೀತ ಮೇಡಂ..."

ಅವರು ಬಗ್ಗಿ ನನ್ನ ಗೊರಸು ಎತ್ತಿದರು. ಲಾಳ ಒಂದು ಗೀರೂ ಇಲ್ಲದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ದಿನಾ ನಡೆಸಿದ್ದೀರಿ. ನೆಲ ಮುಟ್ಟಿಸದೆ ಗಾಳಿಯಲ್ಲಿ ನಡೆಸಿದ್ರಾ?"

ಅವನು ತಲೆ ತಗ್ಗಿಸಿದ. ಡಾಕ್ಟರಮ್ಮ ಬೈಯಲಿಲ್ಲ. ಯಂತ್ರವಿಟ್ಟು ಪರದೆಯನ್ನು ಅವನ ಕಡೆಗೆ ತಿರುಗಿಸಿದರು. "ನೋಡಿ, ಗಾಯ ಕೂಡ್ತಾ ಇದೆ, ಆದರೆ ಎಳೆಗಳು ಸಿಕ್ಕುಸಿಕ್ಕಾಗಿವೆ. ಹೆಣ್ಣುಮಕ್ಕಳ ತಂದೆ ನೀವು. ತಲೆ ಬಾಚದೆ ಬಿಟ್ಟರೆ ಕೂದಲು ಏನಾಗುತ್ತೆ?"

"ಗಂಟಾಗುತ್ತೆ."

"ಒಂದೊಂದು ಹೆಜ್ಜೆಯೂ ಬಾಚಣಿಗೆಯ ಒಂದೊಂದು ಎಳೆತ. ಇವಳನ್ನ ಉಳಿಸ್ಕೋಬೇಕಾದ್ರೆ ಬಾಚಿ. ಈಗಲೂ ಹೊತ್ತು ಮೀರಿಲ್ಲ."

ದಸ್ತಗೀರಣ್ಣ ನನ್ನ ಕಿವಿಯ ಮಫ್ಲರ್ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡ. ಕಿಟಕಿಯ ಗೋಣಿ ಕಿತ್ತ. ಅಬ್ಬ, ಆ ಬೆಳಕು! ಆ ಗಾಳಿ! ಬೇವಿನ ಹೂವಿನ ವಾಸನೆ ಮೂಗಿಗೆ ಬಡಿದು ಸೀನಿದೆ. "ನೋಡಿ, ಶೀತ ಆಯ್ತು!" ಅಂದ. ಮೂವರೂ ನಕ್ಕೆವು, ನಾನು ನನ್ನ ರೀತಿಯಲ್ಲಿ.

ಅಂದಿನಿಂದ ನಡೆದದ್ದೇ ನಡೆದದ್ದು. ಓಡುವ ಕಾಲಕ್ಕೆ ನಾನು ಏನನ್ನೂ ನೋಡಿರಲಿಲ್ಲ ಅಂತ ಆಗ ಗೊತ್ತಾಯಿತು. ಬೇಲಿಯ ಮೇಲೆ ಹಕ್ಕಿ ಕೂರುವುದು, ಇಬ್ಬನಿ ಹುಲ್ಲಿನಿಂದ ಜಾರುವುದು, ನನ್ನ ಹೆಜ್ಜೆಗೆ ಪಕ್ಕದವನ ಹೆಜ್ಜೆ ಸೇರುವುದು. ದಸ್ತಗೀರಣ್ಣ ನಡೆಯುತ್ತಾ ಎರಡನೇ ಮಗಳ ಮದುವೆ ಮಾತು, ಅಡುಗೆ ಮಾತು, ಅಲ್ಲಾಹನ ಮಾತು ಎಲ್ಲ ನನಗೇ ಹೇಳುತ್ತಿದ್ದ. ನಡಿಗೆಯೂ ಒಂದು ಜಪ. ಮೆಲ್ಲಗೆ ನಡಿಗೆ ನೆಗೆತವಾಯಿತು, ನೆಗೆತ ಓಟವಾಯಿತು.

ಮರುವರ್ಷ ಮತ್ತೆ ಮೈದಾನಕ್ಕಿಳಿದೆ. ಓಟ ಶುರುವಾಗುವ ಕಟಕಟೆಯ ಬಾಗಿಲು ತೆರೆದ ಕ್ಷಣ ಒಂದು ಅಳುಕು. ಆಮೇಲೆ ನೆಲ ಮತ್ತೆ ಎತ್ತೆತ್ತಿ ಕೊಟ್ಟಿತು. ಕೊನೆಯ ತಿರುವು ಬಂತು, ದಾಟಿತು! ಜನರ ಕೂಗು ಆಕಾಶಕ್ಕೇರಿತು. ಓಟ ಮುಗಿದಾಗ ಎಲ್ಲರ ಕಣ್ಣೂ ಫಲಿತಾಂಶದ ಹಲಗೆಯ ಮೇಲೆ. ದಸ್ತಗೀರಣ್ಣ ಮಾತ್ರ ಬೇಲಿ ನುಸುಳಿ ಬಂದು, ಕೆಸರಿನಲ್ಲೇ ಮೊಣಕಾಲೂರಿ, ನನ್ನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದ. ನೊಂದ ನರ ಸುಡುತ್ತದೆ, ಬಲ್ಲವನವನು.

"ಬಿಸಿ ಇಲ್ಲ!" ಅಂತ ಕೂಗಿದ. "ಸಾಹೇಬ್ರೇ, ಊತ ಇಲ್ಲ, ಬಿಸಿ ಇಲ್ಲ!"

"ಲೋ, ಎರಡನೇ ಸ್ಥಾನಕ್ಕೆ ಬಂದಿದ್ದಾಳೆ ಕಣಯ್ಯ!" ಅರಸರು ಅವನ ಬೆನ್ನು ಗುದ್ದಿದರು. ಅವನಿಗೆ ಕೇಳಿಸಲೇ ಇಲ್ಲ.

ಸಾರೋಟಿನ ಮಾತು ಮತ್ತೆ ಏಳಲಿಲ್ಲ. ಇನ್ನೂ ಕೆಲವು ಓಟ ಓಡಿ, ನಾಲ್ಕೂ ಕಾಲು ಗಟ್ಟಿ ಇರುವಾಗಲೇ ಮರಳಿ ಫಾರಂಗೆ ಬಂದೆ. ದಸ್ತಗೀರಣ್ಣ ಲಾರಿಯಲ್ಲಿ ಜೊತೆಗೇ ನಿಂತು ಬಂದು ಬಿಟ್ಟುಹೋದ.

ಈಗ ನನಗೆ ವಯಸ್ಸಾಗಿದೆ. ಹಾಲು ಬಿಡಿಸಿದ ಮರಿಗಳು ತಾಯಿಗಾಗಿ ಅಳುವಾಗ ಅವುಗಳ ಜೊತೆ ನನ್ನನ್ನು ಬಿಡುತ್ತಾರೆ. ಬೆದರಿ ದಿಕ್ಕಾಪಾಲಾಗಿ ಓಡುತ್ತವೆ, ಪಾಪ. ನಾನು ಬೇಲಿಯ ಗುಂಟ ಸುಮ್ಮನೆ ನಡೆಯುತ್ತೇನೆ. ಒಂದು ಬಂದು ಪಕ್ಕ ಸೇರುತ್ತದೆ, ಆಮೇಲೆ ಇನ್ನೊಂದು. ಅವಕ್ಕೆ ಓಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಭಗವಂತ ಕಾಲಿನಲ್ಲೇ ಇಟ್ಟು ಕಳಿಸಿದ್ದಾನೆ. ನಡೆಯುವುದನ್ನು ಯಾರಾದರೂ ಪಕ್ಕದಲ್ಲಿದ್ದು ಕಲಿಸಬೇಕು.

ಬಿಸಿಲು ಬಂತು. ಲಾಯದ ಅಗಳಿ ತೆಗೆದ ಸದ್ದಾಯಿತು. ಮರಿಗಳು ಕಾದಿವೆ, ಒಂದು ಸುತ್ತು ನಡೆಸಿಕೊಂಡು ಬರುತ್ತೇನೆ.