ಸಮನಾದ ಹಲ್ಲುಗಳು

ದುರ್ಗದಬೈಲಿನ ದವಾಖಾನೆಯಲ್ಲಿ ಸತ್ಯವ್ವನದು ಬಾಟ್ಲಿ ತೊಳೆದು ಕಾಗದದ ಪಟ್ಟಿ ಅಂಟಿಸುವ ಕೆಲಸ. ಔಷಧಕ್ಕೆ ಬಾಟ್ಲಿಯನ್ನು ಜನ ಮನೆಯಿಂದಲೇ ತರುತ್ತಿದ್ದರು. ೧೯೬೧ರ ಹಳೆಯ ಕ್ಯಾಲೆಂಡರನ್ನು ಉದ್ದಕ್ಕೆ ಸೀಳಿ, ಮಡಚಿ, ಅಂಚಿಗೆ ಕತ್ತರಿ ತಾಗಿಸಿದರೆ ಸಾಲಾಗಿ ಹಲ್ಲು ಮೂಡುತ್ತಿದ್ದವು. ಅದನ್ನು ಬಾಟ್ಲಿಗೆ ಮೇಲಿಂದ ಕೆಳಗೆ ಅಂಟಿಸಿದರೆ, ಒಂದು ಸಲಕ್ಕೆ ಒಂದು ಹಲ್ಲಿನಷ್ಟು ಔಷಧ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು.

ಯಂಕವ್ವ ಮಗಳ ಕೆಮ್ಮಿನ ಔಷಧಕ್ಕೆ ತಂದದ್ದು ಗುಲಾಬಿ ನೀರಿನ ಬಾಟ್ಲಿ. ಮೇಲೆ ಸಪೂರ, ಕೆಳಗೆ ಉಬ್ಬಿದ ಹೊಟ್ಟೆ. ಪಟ್ಟಿ ಅಂಟಿಸಿ ಬೆರಳಿನಿಂದ ಒತ್ತುವಾಗಲೇ ಸತ್ಯವ್ವನಿಗೆ ಹೊಳೆದಿತ್ತು: ಹಲ್ಲುಗಳೆಲ್ಲ ಸಮ, ಬಾಟ್ಲಿ ಸಮವಿಲ್ಲ. ಮೇಲಿನ ಹಲ್ಲಿಗಿಂತ ಕೆಳಗಿನದಕ್ಕೆ ಎಷ್ಟೋ ಹೆಚ್ಚು ಔಷಧ ಬೀಳುತ್ತದೆ. ಹೇಳಬೇಕೆಂದು ತಲೆ ಎತ್ತಿದಳು.

"ಲಗೂ ಕೊಡವಾ, ಮಂದಿ ಬಾಗಲಾ ಮುರೀಲಿಕ್ಕತ್ತಾರ" ಎಂದರು ಕಂಪೌಂಡರ್ ಬಿಂದುಮಾಧವರಾಯರು.

ನಾಲಿಗೆಯವರೆಗೆ ಬಂದ ಮಾತು ಹಿಂದಕ್ಕೆ ಹೋಯಿತು. ಬಾಟ್ಲಿ ಕೊಟ್ಟುಬಿಟ್ಟಳು.

ಮೂರನೆಯ ದಿನ ಯಂಕವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಬಾಟ್ಲಿ ಹಿಡಿದು ಅಳುತ್ತ ಬಂದಳು. ಮುಂಜಾನೆಯಿಂದ ಅದು ಕಣ್ಣು ಬಿಟ್ಟಿರಲಿಲ್ಲ. ಔಷಧ ಹೆಚ್ಚಾಗಿ ಮಂಪರು ಹತ್ತಿದೆ ಎಂದ ಡಾಕ್ಟರು ಬಹಳ ಹೊತ್ತು ಬಳಿಯಲ್ಲೇ ಕೂತರು. ಮಧ್ಯಾಹ್ನ ಕೂಸು ಕಣ್ಣು ಬಿಟ್ಟು ನೀರು ಕೇಳಿತು. ಆಗ ಜೊತೆಗೆ ಬಂದಿದ್ದ ಯಂಕವ್ವನ ಅತ್ತೆ ಸಾವಕ್ಕನ ಬಾಯಿ ತೆರೆಯಿತು.

"ಎರಡೆರಡ ಹಲ್ಲ ಕುಡಿಸ್ಯಾಳ್ರಿ ರಾಯರ. ಕೂಸ ಮಲಗಿದ್ರ ತಾನೂ ಮಲಗಬೇಕಲ್ಲ, ಮಾರಾಣಿ!"

"ಇಲ್ಲತ್ತಿ, ನಿಮ್ಮಾಣಿ. ಒಂದ ಹಲ್ಲ. ದೀಪದ ಮುಂದ ಹಿಡದ ನೋಡಿ ಹಾಕೀನಿ."

"ಹಂಗಾರ ಔಷಧ ತಾನ ಜಾಸ್ತಿ ಆತೇನ? ನಾಳಿಗೆ ನೀ ತವರಮನಿ ಹಾದಿ ಹಿಡಿ. ಕೂಸ ನನ್ನ ಕಡೆ ಇರ್ಲಿ."

ಯಂಕವ್ವ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು. ರಾಯರು ಹೌದೆಂಬಂತೆ ತಲೆಯಾಡಿಸಿದರು.

ಸತ್ಯವ್ವ ಎದ್ದಳು. ಯಾರನ್ನೂ ನೋಡದೆ ಆ ಬಾಟ್ಲಿಯನ್ನು ತೊಳೆದು, ಪಟ್ಟಿಯ ತುದಿಯವರೆಗೆ ನೀರು ತುಂಬಿದಳು. ಮೇಲಿನ ಒಂದು ಹಲ್ಲಿನಷ್ಟನ್ನು ಒಂದು ಲೋಟಕ್ಕೆ ಬಗ್ಗಿಸಿದಳು. ನಡುವಿನ ನೀರನ್ನು ಚೆಲ್ಲಿ, ಕೊನೆಯ ಹಲ್ಲಿನಷ್ಟನ್ನು ಇನ್ನೊಂದು ಲೋಟಕ್ಕೆ ಸುರಿದಳು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟಳು. ಒಂದರಲ್ಲಿ ತಳ ಮುಚ್ಚುವಷ್ಟು ನೀರು. ಇನ್ನೊಂದು ಅರ್ಧ ತುಂಬಿತ್ತು.

"ಹಲ್ಲ ಸಮ ಅದಾವ್ರಿ, ಬಾಟ್ಲಿ ಸಮ ಇಲ್ಲ. ಪಟ್ಟಿ ಕತ್ತರಿಸಿದಾಕಿ ನಾನು."

ಸಾವಕ್ಕ ಲೋಟಗಳನ್ನು ಎತ್ತಿ ನೋಡಿ ಕೆಳಗಿಟ್ಟಳು. ಸೊಸೆಯ ಮುಖ ನೋಡಲಾರದೆ, "ನಡಿ ಮನಿಗೆ. ಕೂಸಿಗೆ ಗಂಜಿ ಕಾಸೂನು" ಎಂದು ಬಾಗಿಲಿಗೆ ನಡೆದಳು.

ಯಂಕವ್ವ ಸತ್ಯವ್ವನ ಕೈ ಹಿಡಿದಳು. "ನೀ ಬೇಕಂತ ಮಾಡಿಲ್ಲಲ್ಲ ತಂಗಿ. ನಿನಗರ ಹೆಂಗ ಗೊತ್ತಾಗಬೇಕು?"

ಅಲ್ಲಿಗೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ಗೊತ್ತಿತ್ರಿ ಅಕ್ಕಾರ" ಎಂದಳು ಸತ್ಯವ್ವ. "ಪಟ್ಟಿ ಹಚ್ಚೂ ಮುಂದನ ಗೊತ್ತಾಗಿತ್ತು. ಹೇಳಾಕ ಬಾಯಿ ಬರ್ಲಿಲ್ಲ."

ಯಂಕವ್ವ ಕೈ ಬಿಟ್ಟಳು. ಕೂಸನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ರಾಯರು ಇನ್ನೊಂದು ಬಾಟ್ಲಿಯನ್ನು ಮುಂದೆ ತಳ್ಳಿದರು. ಸತ್ಯವ್ವ ಕಾಗದ ಮಡಚಲಿಲ್ಲ. ಬರಿಯ ಪಟ್ಟಿ ಅಂಟಿಸಿ, ಚಮಚೆಯಿಂದ ಅಳೆದು ನೀರು ಹಾಕುತ್ತ, ಮಟ್ಟ ಏರಿದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದಳು. ಗೆರೆಗಳು ಒಂದು ಹತ್ತಿರ, ಒಂದು ದೂರ ಬಿದ್ದವು.

"ಲಗೂ ಆಗ್ಲೆವ್ವಾ!" ಸಾಲಿನಿಂದ ಯಾರೋ ಕೂಗಿದರು.

"ತಡೀರಿ" ಎಂದಳು, ಹೊರಗಿನವರಿಗೂ ಕೇಳುವಂತೆ.