ಭಾನುವಾರದ ಅರ್ಧ ಸುತ್ತು

ಕಾರಿನ ಹೊದಿಕೆ ತೆಗೆಯುವುದಕ್ಕೂ ಮೊದಲು ನನ್ನ ಗಂಡ ಹಳೆಯ ಕ್ಯಾಲೆಂಡರುಗಳ ಕಟ್ಟೊಂದನ್ನು ಕಾರು ರಿಪೇರಿಯ ಮೇಸ್ತ್ರಿಯ ಕೈಗೆ ಕೊಟ್ಟರು. ಹದಿನಾಲ್ಕು ವರ್ಷದವು, ಸೆಣಬಿನ ದಾರದಲ್ಲಿ ಕಟ್ಟಿದ್ದವು.

“ಬಿಚ್ಚಿ ನೋಡಿ. ಒಂದೇ ಒಂದು ಭಾನುವಾರ ತಪ್ಪಿಲ್ಲ. ಹ್ಯಾಂಡಲ್ ಅರ್ಧ ಸುತ್ತು, ರೇಡಿಯೇಟರಿಗೆ ನೀರು, ಆಮೇಲೆ ಒಂದು ಗುರುತು. ನಾನೆಲ್ಲಿ ಮನೇಲಿದ್ದೆ? ಎಲ್ಲಾ ಇವಳೇ.”

ಮೇಸ್ತ್ರಿ ನಾಲ್ಕು ಹಾಳೆ ಮಗುಚಿದರು. “ನಮ್ಮನೇಲಿ ನನ್ನನ್ನೇ ಯಾರೂ ಹೀಗೆ ನೋಡ್ಕೊಳ್ಳಲ್ಲ ಸಾರ್.”

ಇಬ್ಬರೂ ನಕ್ಕರು. ನಾನು ಷೆಡ್ಡಿನ ಬೀಗವನ್ನು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಬೀಗದ ಕಬ್ಬಿಣ ನನ್ನ ಬೆವರಿಗೆ ಒದ್ದೆಯಾಗಿತ್ತು.

ಕಾರು ನಮ್ಮ ಮಾವನವರದು. ಹಸಿ ಬಟಾಣಿಯ ಬಣ್ಣ, ಗುಂಡಗಿನ ಮಡ್‌ಗಾರ್ಡು, ಮರದ ಡ್ಯಾಷ್‌ಬೋರ್ಡು. ಮನೆಯಲ್ಲಿ ಬದುಕಿರುವ ಎಲ್ಲರಿಗಿಂತ ವಯಸ್ಸಿನಲ್ಲಿ ಹಿರಿದು ಎಂದು ಅದನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ನನ್ನ ಗಂಡ ಅಪ್ಪನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅದರಲ್ಲೇ. ಮಾವ ತೀರಿಕೊಂಡ ಮೇಲೆ ಕೆಲವು ವರ್ಷ ಓಡಿತು. ಆಮೇಲೆ ಇವರಿಗೆ ದೂರದ ಸೇತುವೆ ಕೆಲಸ ಸಿಕ್ಕಿತು. ಒಂದು ಸೇತುವೆ ಮುಗಿದರೆ ಇನ್ನೊಂದು. ಹೊರಡುವ ಮುನ್ನ ದೊಡ್ಡಮ್ಮನನ್ನು ಷೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂರಿಸಿ ನನಗೆ ಎರಡು ಮಾತು ಹೇಳಿದರು. ವಾರಕ್ಕೊಮ್ಮೆ ಮುಂದಿನ ತೂತಿಗೆ ಹ್ಯಾಂಡಲ್ ಹಾಕಿ ಇಂಜಿನ್ನನ್ನು ಅರ್ಧ ಸುತ್ತು ತಿರುಗಿಸು, ಇಲ್ಲದಿದ್ದರೆ ಒಳಗೆ ಕಚ್ಚಿಕೊಳ್ಳುತ್ತದೆ. ರೇಡಿಯೇಟರಿನ ನೀರು ಒಣಗಲು ಬಿಡಬೇಡ.

ನನಗೆ ಹೇಳಿದರೆ ಆಯಿತು ಎಂಬುದು ಈ ಮನೆಯ ನಂಬಿಕೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುವವಳು ನಾನು. ನಾನು ಬಾಗಿಲು ಹಾಕಿದರೆ ನನ್ನ ಗಂಡ ತಿರುಗಿ ನೋಡುವುದಿಲ್ಲ.

ಮೂರು ತಿಂಗಳ ಹಿಂದೆ ಅವರು ಕೆಲಸ ಬಿಟ್ಟು ಬಂದರು. ಸೇತುವೆಯ ಮೇಲಿನ ಹಲಗೆಯ ಅಂಚು ಕಾಣದೆ ಕಾಲಿಟ್ಟಿದ್ದರು. ಪಕ್ಕದವನು ಅಂಗಿ ಹಿಡಿದು ಎಳೆದದ್ದರಿಂದ ಉಳಿದರು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಪತ್ರಿಕೆಯನ್ನು ಸುರುಳಿ ಸುತ್ತಿ ಅದರೊಳಗಿಂದ ನೋಡಿದ ಹಾಗಂತೆ ಈಗ ಅವರ ನೋಟ, ಸುರುಳಿ ದಿನದಿನಕ್ಕೂ ಬಿಗಿಯಾಗುತ್ತಿದೆ. ಉಳಿದದ್ದನ್ನು ಇನ್ನೊಂದು ಆರು ತಿಂಗಳು ಹಿಡಿದಿಡಲು ಎರಡು ಬಾಟಲಿ ಡ್ರಾಪ್ಸ್. ನೀಲಿ ಮುಚ್ಚಳದ್ದು ಬೆಳಿಗ್ಗೆ ಮಧ್ಯಾಹ್ನ, ಹಳದಿ ಮುಚ್ಚಳದ್ದು ಸಂಜೆ. ಹಾಕುವವಳು ನಾನೇ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳೂ ನಾನೇ. ಭಾರ ಎತ್ತಬಾರದು, ತಿಣುಕಬಾರದು, ಕಣ್ಣಿನೊಳಗಿನ ಒತ್ತಡ ಏರುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಭಾನುವಾರದ ಹ್ಯಾಂಡಲ್ಲೂ ನನ್ನದಾಗಿಯೇ ಉಳಿಯಿತು.

ಅವರು ಕೇಳಿದ್ದು ಒಂದೇ. ಪೂರ್ತಿ ಕತ್ತಲಾಗುವ ಮೊದಲು ದೊಡ್ಡಮ್ಮನನ್ನು ಒಂದು ಸಲ ರಸ್ತೆಯ ಮೇಲೆ ಓಡಿಸಬೇಕು. ಗೋದಾಮುಗಳ ಹಿಂದಿನ ನೇರ ರಸ್ತೆ ಭಾನುವಾರ ಬೆಳಿಗ್ಗೆ ಖಾಲಿ. ಒಂದೂವರೆ ಕಿಲೋಮೀಟರು. ಪಕ್ಕದಲ್ಲಿ ಮೇಸ್ತ್ರಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಕೂರುವುದು. ಅಷ್ಟೇ.

ಮೇಸ್ತ್ರಿಯನ್ನು ಊರಿನವರು ಸದ್ದು ಮೇಸ್ತ್ರಿ ಎನ್ನುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಒಳಗಿನ ಕಾಯಿಲೆ ಹೇಳುತ್ತಿದ್ದರು. ಅಂದು ಅವರು ಮುಂದಿನ ತೂತಿಗೆ ಹ್ಯಾಂಡಲ್ ಹಾಕಿ ಒತ್ತಿದರು. ಅದು ಕದಲಲಿಲ್ಲ. ಎರಡೂ ಕೈ ಹಾಕಿದರು. ಆಮೇಲೆ ಕಾಲಿಟ್ಟು ಮೈಭಾರ ಬಿಟ್ಟರು.

“ಅಕ್ಕ, ಕೊನೇ ಸಲ ಯಾವಾಗ ತಿರುಗಿಸಿದ್ರಿ?”

“ಹೋದ ಭಾನುವಾರ,” ಎಂದರು ನನ್ನ ಗಂಡ, ನನ್ನ ಪರವಾಗಿ. “ಗುರುತಿದೆಯಲ್ಲ.”

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಬೀಗ ನೋಡಿದೆ.

ಹ್ಯಾಂಡಲ್ ತಿರುಗದೆ ಎಷ್ಟೋ ವರ್ಷವಾಗಿತ್ತು. ಮೊದಲ ಸಲ ಅದು ನಿಂತಾಗ ನನ್ನ ಮಣಿಕಟ್ಟು ಉಳುಕಿತ್ತು, ನನ್ನ ಕೈಯದೇ ತಪ್ಪು ಅಂದುಕೊಂಡೆ. ಮುಂದಿನ ವಾರ ಕೈ ಸರಿಯಾಗಿತ್ತು, ಹ್ಯಾಂಡಲ್ ಮಾತ್ರ ಹಾಗೇ ಇತ್ತು. ಆ ಸಂಜೆ ಫೋನಿನಲ್ಲಿ ಅವರು ಎಂದಿನಂತೆ “ದೊಡ್ಡಮ್ಮಂಗೆ ನೀರು ಕುಡಿಸಿದ್ಯಾ? ಕೈ ತಿರುಗಿಸಿದ್ಯಾ?” ಎಂದು ಕೇಳಿದರು. ಹೂಂ ಎಂದೆ. ಅವರು ಕೆಲಸ ಮಾಡುತ್ತಿದ್ದ ಕಡೆ ಅದೇ ವಾರ ಒಬ್ಬ ಬಿದ್ದು ಸತ್ತಿದ್ದ. ಇದನ್ನೂ ಹೇಳಿ ಯಾಕೆ ತಲೆ ತಿನ್ನಲಿ, ಮುಂದಿನ ವಾರ ಹೇಳೋಣ ಅಂದುಕೊಂಡೆ. ಮುಂದಿನ ವಾರ ಹೇಳಿದ್ದರೆ ಹೋದ ವಾರ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಹೀಗೆ ಒಂದು ವಾರ ಇನ್ನೊಂದನ್ನು ಮುಚ್ಚುತ್ತಾ ಹೋಯಿತು. ಅಷ್ಟಾದರೂ ನಾನು ಯಾವ ಭಾನುವಾರವೂ ಷೆಡ್ಡಿಗೆ ಹೋಗದೆ ಉಳಿಯಲಿಲ್ಲ. ಹೋಗಿ, ಹ್ಯಾಂಡಲ್ ಹಾಕಿ, ಬಲ ಹಾಕಿ ಒತ್ತಿ, ಒಂದು ಲೋಟ ನೀರು ಹೊಯ್ದು, ಒಳಗೆ ಬಂದು ಗುರುತು ಹಾಕುತ್ತಿದ್ದೆ. ಒಮ್ಮೆ ರಜೆಗೆ ಬಂದಾಗ ಅವರೇ ಹ್ಯಾಂಡಲಿಗೆ ಕೈ ಚಾಚಿದ್ದರು. “ಬೆಳಿಗ್ಗೆ ತಾನೇ ತಿರುಗಿಸಿದೆ,” ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಮೇಸ್ತ್ರಿ ಆಯಿಲ್ ಕಡ್ಡಿ ಎಳೆದು ನೋಡಿದರು. ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಕಡ್ಡಿಯನ್ನು ಒರೆಸಿ ವಾಪಸು ಇಟ್ಟರು. ನಾಲ್ಕು ಪ್ಲಗ್ಗು ಬಿಚ್ಚಿ, ತೂತುಗಳಿಗೆ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಹೊಯ್ದರು. “ಒಂದು ವಾರ ನೆನೀಲಿ ಸಾರ್. ಬಿಟ್ಟರೂ ಬಿಡಬಹುದು.”

ಆ ವಾರ ನಾದಿನಿ ಬಂದಳು. ಅಣ್ಣನಿಗೆಂದು ಒಂದು ಚರ್ಮದ ಟೋಪಿ ತಂದಿದ್ದಳು.

“ಅತ್ತಿಗೆ, ನಿಮ್ಮ ಸವತಿ ಹೇಗಿದಾಳೆ?”

“ಕಾಳು ನೆನೆಹಾಕಿದ ಹಾಗೆ ನೆನೆಹಾಕಿದೀವಿ.”

“ಸವತಿಗೆ ಇಷ್ಟು ಸೇವೆ ಮಾಡಿದವಳನ್ನ ನಾನು ಎಲ್ಲೂ ಕಂಡಿಲ್ಲ ಬಿಡಿ.” ಅಣ್ಣನ ತಲೆಗೆ ಟೋಪಿ ಹಾಕಿ ದೂರ ನಿಂತು ನೋಡಿದಳು. “ಥೇಟ್ ಬಸ್ ಕಂಡಕ್ಟರ್! ಕೇಳು, ಕಿಟಕಿ ಪಕ್ಕದ ಸೀಟು ಈ ಸಲ ನಂದು. ಚಿಕ್ಕವಳಿದ್ದಾಗ ಒಂದು ದಿನವಾದರೂ ಬಿಟ್ಟುಕೊಟ್ಟಿದ್ಯಾ?”

“ನಿನಗೆ ವಾಂತಿ ಆಗ್ತಿತ್ತಲ್ಲೇ. ಅದಕ್ಕೇ ಕಿಟಕಿ ಕೊಡ್ತಿರಲಿಲ್ಲ.”

“ವಾಂತಿ ಆಗೋರಿಗೇ ಕಿಟಕಿ ಕೊಡೋದು ಕಣೋ ಪುಣ್ಯಾತ್ಮ!”

ಅವರು ಬಿದ್ದು ಬಿದ್ದು ನಕ್ಕರು. ಕೆಲಸ ಬಿಟ್ಟು ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಊಟಕ್ಕೆ ಕೂತಾಗಲೂ ಟೋಪಿ ತೆಗೆಯಲಿಲ್ಲ.

ನಾನು ದಿನಾ ಬೆಳಿಗ್ಗೆ ಅವರು ಏಳುವ ಮೊದಲೇ ಷೆಡ್ಡಿಗೆ ಹೋಗಿ ಹ್ಯಾಂಡಲ್ ಮೇಲೆ ಮೈಭಾರ ಹಾಕುತ್ತಿದ್ದೆ. ಐದನೇ ದಿನ ಅದು ಒಂದು ಬೆರಳಿನಷ್ಟು ಜಾರಿತು. ಉಸಿರು ಹಿಡಿದು ಮತ್ತೆ ಒತ್ತಿದೆ. ಮತ್ತೆ ಜಾರಿತು. ಓಡಿಹೋಗಿ ಅವರನ್ನು ಎಬ್ಬಿಸಬೇಕು ಅನ್ನಿಸಿತು. ಬಗ್ಗಿ ನೋಡಿದರೆ, ಹ್ಯಾಂಡಲಿನ ತುದಿಯ ಹಲ್ಲು ಸವೆದು ಕಚ್ಚಿನಿಂದ ಜಾರುತ್ತಿತ್ತು. ಅಷ್ಟು ವರ್ಷ ಅಲುಗದ ಇಂಜಿನ್ನಿನ ಮೇಲೆ ಒತ್ತಿ ಒತ್ತಿ ಸವೆಸಿದವಳು ನಾನೇ.

ಎಂಟನೇ ದಿನ ಮೇಸ್ತ್ರಿ ಬಂದು ಇಂಜಿನ್ನಿನ ತಲೆ ಬಿಚ್ಚಿದರು. ನನ್ನ ಗಂಡ ನೀಲಿ ಡ್ರಾಪ್ಸ್ ಹಾಕಿಸಿಕೊಂಡು ಒಳಗೆ ಕಣ್ಣು ಮುಚ್ಚಿ ಮಲಗಿದ್ದರು. ಹತ್ತು ನಿಮಿಷ ಏಳುವ ಹಾಗಿಲ್ಲ.

“ಇಲ್ಲಿ ಬನ್ನಿ ಅಕ್ಕ.”

ನಾಲ್ಕು ಬಾವಿಗಳ ಹಾಗೆ ನಾಲ್ಕು ಸಿಲಿಂಡರು. ಮೂರನೆಯದರ ಗೋಡೆಯೂ ಪಿಸ್ಟನ್ನೂ ಒಂದೇ ಕಂದು ಹೆಪ್ಪಾಗಿದ್ದವು.

“ವಾರಕ್ಕೆ ಎಷ್ಟು ನೀರು ಹಾಕ್ತಿದ್ರಿ?”

“ಒಂದು ಲೋಟ.”

“ಕೆಳಗೆ ನೆಲ ಒದ್ದೆ ಇರ್ತಿತ್ತಾ?”

“ಇಲ್ಲ. ಒಣಗೇ ಇರ್ತಿತ್ತು.”

“ಮತ್ತೆ ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಅನ್ನಿಸಲಿಲ್ವಾ?”

ಅನ್ನಿಸಿರಲಿಲ್ಲ. ಮನೆಯ ಪ್ರತಿ ಸದ್ದಿಗೂ ಕಿವಿ ಕೊಡುವ ನನಗೆ ಅದೊಂದು ಮಾತ್ರ ಅನ್ನಿಸಿರಲಿಲ್ಲ. ಕಡಿಮೆಯಾಗಿದೆ, ತುಂಬಿಸಬೇಕು, ತುಂಬಿಸಿದೆ. ಅಷ್ಟೇ ನನ್ನ ಲೆಕ್ಕವಾಗಿತ್ತು. ಇಂಜಿನ್ನಿನ ತಲೆಗೂ ಸಿಲಿಂಡರುಗಳ ಬ್ಲಾಕಿಗೂ ನಡುವೆ ನೀರು ತಡೆಯುವ ಗ್ಯಾಸ್ಕೆಟ್ ಎಂದೋ ಹರಿದು, ನಾನು ಹೊಯ್ದ ಒಂದೊಂದು ಲೋಟವೂ ನೇರ ಸಿಲಿಂಡರಿನ ಒಳಕ್ಕೆ ಇಳಿದಿತ್ತು.

ಮೇಸ್ತ್ರಿ ದನಿ ತಗ್ಗಿಸಿದರು. “ನೋಡಿ, ನಿಲ್ಲಿಸೋ ಗಾಡೀಲಿ ನೀರೇ ಇಡಬಾರದು. ಸಾರ್ ಊರು ಬಿಡೋ ಮುಂಚೆ ಬಸಿದಿಡಬೇಕಿತ್ತು, ಅದು ಅವರ ತಪ್ಪು. ಆದರೆ ಹ್ಯಾಂಡಲ್ ನಿಂತ ವಾರವೇ ಯಾರಿಗಾದರೂ ಹೇಳಿದ್ರೆ ಒಂದು ದಿನದ ಕೆಲಸ ಆಗಿತ್ತು.” ಬಟ್ಟೆಯಲ್ಲಿ ಕೈ ಒರೆಸಿಕೊಂಡರು. “ಆ ಗುರುತಿನ ವಿಷಯ ನಾನು ಎತ್ತಲ್ಲ. ನಿಮ್ಮ ಮನೆ ಮಾತು ನಿಮ್ಮದು.”

ನನ್ನ ಗಂಡ ಎದ್ದು ಬಂದಾಗ ಮೇಸ್ತ್ರಿ ಪಿಸ್ಟನ್ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದು ಏಟು, ಸ್ವಲ್ಪ ಎಣ್ಣೆ, ಇನ್ನೊಂದು ಏಟು. ಇವರು ತಲೆಯನ್ನು ಅತ್ತ ಇತ್ತ ತಿರುಗಿಸುತ್ತಾ ತಮ್ಮ ಸಣ್ಣ ಸುರುಳಿಯೊಳಗೆ ಆ ಸುತ್ತಿಗೆಯನ್ನು ಹಿಡಿಯಲು ನೋಡುತ್ತಿದ್ದರು. ಹತ್ತನೆಯದೋ ಹನ್ನೊಂದನೆಯದೋ ಏಟಿಗೆ ಸಣ್ಣದೊಂದು ಸದ್ದಾಯಿತು, ಗಾಜಿಗೆ ಪಿಂಗಾಣಿ ತಗುಲಿದ ಹಾಗೆ. ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಟಾರ್ಚ್ ಹಿಡಿದು ನೋಡುವ ಅಗತ್ಯವೂ ಅವರಿಗಿರಲಿಲ್ಲ. ಆದರೂ ನೋಡಿದರು.

“ಬ್ಲಾಕ್ ಬಿರುಕು ಬಿಟ್ತು ಸಾರ್.”

“ಬೇರೆ ಹಾಕಿ.”

“ಎಲ್ಲಿಂದ? ಹೋದ ವಾರವಿಡೀ ಫೋನ್ ಮಾಡಿದೀನಿ. ಈ ಮಾಡೆಲ್ಲು ಇನ್ನೊಂದು ಇತ್ತಂತೆ, ಎರಡು ವರ್ಷದ ಹಿಂದೆ ಗುಜರಿಗೆ ಹೋಗಿದೆ. ಇದು ಇನ್ನು ಓಡಲ್ಲ.”

ನನ್ನ ಗಂಡ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಾತು ಹೊರಟಾಗ ಅವರ ದನಿ ನನಗೇ ಗುರುತು ಸಿಗಲಿಲ್ಲ.

“ವಾರವಾರ ತಿರುಗಿದ ಇಂಜಿನ್ನು ರೀ ಅದು! ಹದಿನಾಲ್ಕು ವರ್ಷ! ಅದು ಹೇಗೆ ಕಚ್ಚಿಕೊಳ್ಳುತ್ತೆ? ಕಬ್ಬಿಣ ಒಡೆಯೋ ಹಾಗೆ ಹೊಡೆದು, ಈಗ ಓಡಲ್ಲ ಅಂತೀರಾ? ಕೆಲಸ ಬರದಿದ್ದರೆ ಮೊದಲೇ ಹೇಳಬೇಕಿತ್ತು. ನಂಬಿ ಕೊಟ್ಟಿದ್ದೆ ನಿಮಗೆ.”

ಮೇಸ್ತ್ರಿ ನನ್ನ ಕಡೆ ನೋಡಲೇ ಇಲ್ಲ. ಸ್ಪಾನರುಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದರು. “ಆಯ್ತು ಸಾರ್. ನನ್ನ ಕೈ ಜೋರಾಯ್ತು ಅಂತಿಟ್ಕೊಳ್ಳಿ.”

“ಇಟ್ಕೊಳ್ಳೋದೇನು ಬಂತು? ಅದೇ ಆಗಿದ್ದು.”

ಚೀಲದ ಜಿಪ್ಪು ಕೆಟ್ಟಿತ್ತು. ಮೇಸ್ತ್ರಿ ಅದನ್ನು ಎಳೆಯುತ್ತಲೇ ಇದ್ದರು. ಆ ಜಿಪ್ಪು ಹತ್ತುವವರೆಗೆ ನನಗೆ ಸಮಯವಿದೆ ಎಂದು ಯಾಕೋ ಅನ್ನಿಸಿತು.

“ಅದು ತಿರುಗ್ತಿರಲಿಲ್ಲ,” ಎಂದೆ.

“ಏನು?”

“ಹ್ಯಾಂಡಲ್. ತುಂಬಾ ವರ್ಷದಿಂದ ತಿರುಗ್ತಿರಲಿಲ್ಲ. ನಾನು ಸುಮ್ಮನೆ ಗುರುತು ಹಾಕ್ತಿದ್ದೆ. ಅವರನ್ನ ಬೈಬೇಡಿ.”

ಮೇಸ್ತ್ರಿ ಚೀಲವನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅವರ ಸ್ಕೂಟರು ತಿರುವು ದಾಟಿದ ಮೇಲೆ ನನ್ನ ಗಂಡ ನನ್ನ ಕಡೆ ತಿರುಗಿದರು.

“ಯಾವಾಗಿಂದ?”

ಕಟ್ಟು ಅಲ್ಲೇ ಬೆಂಚಿನ ಮೇಲಿತ್ತು. ದಾರ ಬಿಚ್ಚಿ ಕ್ಯಾಲೆಂಡರುಗಳನ್ನು ನೆಲದ ಮೇಲೆ ಹರಡಿದೆ. ಉಳುಕಿದ ಕೈಯಲ್ಲಿ ಹಾಕಿದ ಗುರುತು ಸೊಟ್ಟಗಿರುತ್ತದೆ, ಅದನ್ನು ಹಿಡಿದರೆ ವರ್ಷ ಸಿಗುತ್ತದೆ ಅಂದುಕೊಂಡಿದ್ದೆ. ಐವತ್ತೆರಡು, ಐವತ್ತೆರಡು, ಐವತ್ತೆರಡು. ಒಂದೂ ಸೊಟ್ಟಗಿರಲಿಲ್ಲ. ನಿಜವಾಗಿ ತಿರುಗಿಸಿದ ಭಾನುವಾರ ಯಾವುದು, ತಿರುಗದ ಭಾನುವಾರ ಯಾವುದು ಎಂದು ಬರೆದವಳಿಗೇ ತಿಳಿಯದಷ್ಟು ಎಲ್ಲವೂ ಒಂದೇ ಸಮನಾಗಿದ್ದವು.

“ಗೊತ್ತಾಗ್ತಿಲ್ಲ,” ಎಂದೆ. “ಆರು ವರ್ಷ ಇರಬಹುದು. ಎಂಟೂ ಇರಬಹುದು.”

ಅವರು ಬಗ್ಗಿ ಒಂದು ಕ್ಯಾಲೆಂಡರ್ ಎತ್ತಿ ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದರು. ಆಮೇಲೆ ಕೆಳಗಿಟ್ಟರು. ಕಾರಿನ ಹೊದಿಕೆಯ ಅಂಚನ್ನು ತಡಕಿ ಹುಡುಕಿ ಎಳೆಯಲು ತೊಡಗಿದರು. ಸಹಾಯಕ್ಕೆ ಹೋದೆ. “ಬೇಡ ಬಿಡು,” ಎಂದರು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಸಂಜೆ ಆರಕ್ಕೆ ಅವರು ಎಂದಿನ ಹಾಗೆ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದರು. ನಾನು ಬಾಟಲಿ ಅಲುಗಿಸಿ ಮುಚ್ಚಳ ಬಿಚ್ಚಿದೆ. ರೆಪ್ಪೆಗೆ ನನ್ನ ಬೆರಳು ತಾಗುತ್ತಲೇ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

“ಯಾವುದು ಇದು?”

“ಹಳದೀದು. ಸಂಜೇದು.”

ಅವರು ಕೈ ಚಾಚಿದರು. ಬಾಟಲಿ ಕೊಟ್ಟೆ. ಮುಚ್ಚಳವನ್ನೂ ಕೊಟ್ಟೆ. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೀಲಿಗೂ ಹಳದಿಗೂ ಅವರಿಗೆ ಈಗ ಎಷ್ಟು ವ್ಯತ್ಯಾಸ ಕಾಣುತ್ತದೋ ನನಗೆ ತಿಳಿಯದು. ಬಾಟಲಿಯನ್ನು ಬಲಗಣ್ಣಿನ ಹತ್ತಿರ ತಂದು, ಚೀಟಿಯ ಮೇಲಿನ ಇರುವೆಯಂಥ ಅಕ್ಷರಗಳ ಮೇಲೆ ನಿಧಾನವಾಗಿ ಸರಿಸಿದರು. ಒಂದು ಸಲ ಆಯಿತು. ತಿರುಗಿಸಿ ಮತ್ತೊಂದು ಸಲ. ನಾನು ಅವರ ಮುಂದೆ ನಿಂತೇ ಇದ್ದೆ.

ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ತಲೆ ಹಿಂದಕ್ಕೆ ಒರಗಿಸಿದರು.

“ಹಾಕು,” ಎಂದರು.