ಮೂರು ಮೊಳದ ಕೇಬಲ್

ಮೂರು ಮೊಳದ ಕೇಬಲ್ಲೊಂದು ಯಾರ ಪಾಲಿನದು ಎಂಬ ಗಹನವಾದ ಪ್ರಶ್ನೆ ಆ ಸಂಶೋಧನಾಲಯವನ್ನು ಎರಡು ವರ್ಷ ಕಾಡಿತು. ಅದಕ್ಕಾಗಿ ನಾಲ್ಕು ಸಭೆಗಳಾದವು, ಹನ್ನೊಂದು ಪತ್ರಗಳು ಹೋಗಿಬಂದವು. ಮೆದುಳಿನ ಯಾವ ಜಾಗ ದುಡಿಯುತ್ತಿದೆಯೆಂದು ಸ್ಕ್ಯಾನರ್ ತೋರಿಸುತ್ತಿತ್ತು. ಯಾವ ಕ್ಷಣದಲ್ಲಿ ಎಂಬುದನ್ನು ತಲೆಗೆ ತೊಡಿಸುವ ತಂತಿಟೋಪಿ ಹೇಳುತ್ತಿತ್ತು. ಆಟಿಸಂ ಇರುವವರ ಮೆದುಳಿನಲ್ಲಿ ಯಾವುದಕ್ಕೆ ಯಾವುದರ ನಂಟು ಎಂದು ತಿಳಿಯಲು ಎರಡೂ ಒಟ್ಟಿಗೆ ಬೇಕು. ಎರಡರ ಗಡಿಯಾರಗಳನ್ನು ಹೊಂದಿಸುವುದೇ ಆ ಕೇಬಲ್. ಸ್ಕ್ಯಾನರಿನವರು ಅದನ್ನು ಟೋಪಿಯವರ ಕೆಲಸವೆಂದರು, ಟೋಪಿಯವರು ಸ್ಕ್ಯಾನರಿನವರದೆಂದರು. ಸದ್ಯಕ್ಕೆ ಯಾರಾದರೊಬ್ಬರು ಗೊಣಗುತ್ತ ಸಿಕ್ಕಿಸುತ್ತಿದ್ದರು.

ಇದ್ಯಾವುದೂ ಅಲ್ಲಿಗೆ ಮಗಳನ್ನು ಕರೆತರಲು ಹೊರಟ ಒಬ್ಬ ತಾಯಿಗೆ ಗೊತ್ತಿರಲಿಲ್ಲ. ಆಟಿಸಂ ಇದ್ದ ಆ ಹತ್ತೊಂಬತ್ತರ ಮಗಳಿಗೆ ಮಾತು ಬರುತ್ತಿರಲಿಲ್ಲ. "ಮಾತಿಲ್ಲದವರನ್ನ ಇಂಥ ಸಂಶೋಧನೆಗೆ ಸೇರಿಸ್ಕೊಳ್ಳಲ್ಲಮ್ಮ, ಸ್ಕ್ಯಾನರಿನಲ್ಲಿ ಅಲ್ಲಾಡ್ತಾರೆ" ಎಂದು ವೈದ್ಯೆ ಹೇಳಿದ ದಿನದಿಂದ, ಇವಳನ್ನು ಲೆಕ್ಕಕ್ಕೆ ಸೇರಿಸಿಯೇ ತೀರುತ್ತೇನೆಂದು ಆಕೆ ಹಟ ತೊಟ್ಟಿದ್ದಳು. ಅಲುಗದೆ ಮಲಗುವುದು ಮಗಳಿಗೆ ರೂಢಿಯಾಗಲೆಂದು ಮೂರು ತಿಂಗಳು ಊಟದ ಮೇಜಿನಡಿ ಹಾಸಿಗೆ ಹಾಸಿ, ಯಂತ್ರದ ಕಟಕಟ ಸದ್ದನ್ನು ಫೋನಿನಲ್ಲಿ ಹಾಕಿ, ಮಗಳ ಪಕ್ಕದಲ್ಲಿ ತಾನೂ ಹೆಣದಂತೆ ಮಲಗಿದಳು. "ನಮ್ಮ ಮೇಜಿಗೂ ಬಾಡಿಗೆದಾರರು ಸಿಕ್ಕಿದ್ರು" ಎನ್ನುತ್ತ ಗಂಡ ಮೇಲೆ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ.

ಕೊನೆಗೂ ಸಂಶೋಧನಾಲಯದವರು ಒಪ್ಪಿ ಕರೆದ ದಿನ ಮಗಳು ಟೋಪಿಯೊಳಗಿನ ತಣ್ಣನೆಯ ಅಂಟನ್ನು ಹಲ್ಲುಕಚ್ಚಿ ಸಹಿಸಿದಳು. ಸ್ಕ್ಯಾನರಿನೊಳಗೆ ಇಪ್ಪತ್ತೆರಡು ನಿಮಿಷ ಕೂದಲೆಳೆಯಷ್ಟೂ ಅಲುಗಲಿಲ್ಲ. ಗಾಜಿನಾಚೆ ನಿಂತ ತಾಯಿ ಗೋಡೆಗಡಿಯಾರದ ನಿಮಿಷಗಳನ್ನು ಎಣಿಸುತ್ತಿದ್ದಳು.

"ಬಂಗಾರದಂಥ ಹುಡುಗಿ" ಎಂದ ಸ್ಕ್ಯಾನರಿನವನು. ಆಮೇಲೆ ಪರದೆ ನೋಡಿ ಟೋಪಿಯವನತ್ತ ತಿರುಗಿದ. "ಕೇಬಲ್ ಹಾಕಿದ್ರಿ ತಾನೆ?"

"ನಾನ್ಯಾಕೆ ಹಾಕ್ಲಿ? ನಮ್ಮ ಪತ್ರ ಓದಿಲ್ವಾ?"

"ಓದಿದೀನಿ. ಉತ್ತರಾನೂ ಬರ್ದಿದೀನಿ."

"ಅದು ನಮಗಿನ್ನೂ ತಲುಪಿಲ್ಲ ಸ್ವಾಮಿ."

ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತಿದ್ದರು.

"ಏನಾಯ್ತು?" ಎಂದಳು ತಾಯಿ.

"ಏನಿಲ್ಲಮ್ಮ" ಎಂದ ಸ್ಕ್ಯಾನರಿನವನು, "ಎರಡೂ ಚೆನ್ನಾಗೇ ಬಂದಿವೆ. ಒಂದಕ್ಕೊಂದು ಹೊಂದಿಸೋಕಾಗಲ್ಲ, ಅಷ್ಟೆ. ಇನ್ನೊಂದ್ಸಲ ಕರ್ಕೊಂಡ್ಬನ್ನಿ."

"ನೀವಿಬ್ರೂ ಬಂದು ನಮ್ಮ ಮೇಜಿನಡಿ ಮೂರು ತಿಂಗಳು ಮಲಗಿ" ಎಂದಳು ಆಕೆ. "ಆಮೇಲೆ ಕರ್ಕೊಂಡ್ಬರ್ತೀನಿ."

ಸಿಟ್ಟಿಳಿದ ಮೇಲೆ ಕರೆತಂದಳು ಕೂಡ. ಟೋಪಿ ಕಂಡದ್ದೇ ತಡ, ಮಗಳು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಎರಡು ಗಂಟೆ ಏಳಲಿಲ್ಲ.

ಸಂಶೋಧನೆಯ ಲೇಖನ ಮರುವರ್ಷ ಅಚ್ಚಾಯಿತು. ಅದರಲ್ಲಿ ನಲವತ್ತೊಂದು ಜನರಿದ್ದರು. ಎಲ್ಲರಿಗೂ ಮಾತು ಬರುತ್ತಿತ್ತು.